ಹಳಿ ಏರಿದ ನೀರು

ಜಿನೀವಾ ಸರೋವರದ ದಕ್ಷಿಣ ದಡ. ಎದುರಿಗೆ ನೀಲಿ ನೀರು, ಅದರಾಚೆ ಸ್ವಿಟ್ಜರ್ಲೆಂಡಿನ ಲೋಸಾನ್ ನಗರ. ಬೆನ್ನಿಗೆ ಆಲ್ಪ್ಸ್ ಬೆಟ್ಟಗಳ ಏರು. ಬೆಟ್ಟಕ್ಕೂ ನೀರಿಗೂ ನಡುವಿನ ಇಕ್ಕಟ್ಟಿನಲ್ಲಿ ಒಂದು ರಸ್ತೆ, ಒಂದಿಷ್ಟು ಮನೆ, ಒಂದೇ ಜೋಡಿ ರೈಲು ಹಳಿ. ಆ ಹಳಿಯಿಂದ ಕವಲೊಡೆದ ಸೈಡಿಂಗ್ ಒಂದು ದೊಡ್ಡ ಕಾರ್ಖಾನೆಯ ಆವರಣದೊಳಕ್ಕೇ ಹೋಗುತ್ತದೆ. ಅಲ್ಲಿ ಉದ್ದನೆಯ ವ್ಯಾಗನ್‌ಗಳು ಸಾಲಾಗಿ ನಿಂತಿರುತ್ತವೆ. ನಮ್ಮ ಗೂಡ್ಸ್ ಗಾಡಿಯ ವ್ಯಾಗನ್‌ಗೆ ಮಧ್ಯದಲ್ಲಿ ಬಾಗಿಲಿದ್ದರೆ, ಇವುಗಳ ಪಕ್ಕದ ಗೋಡೆಗಳೇ ಒಂದರ ಮೇಲೊಂದು ಸರಿದು ಅರ್ಧ ವ್ಯಾಗನ್ ತೆರೆದುಕೊಳ್ಳುತ್ತದೆ. ಫೋರ್ಕ್‌ಲಿಫ್ಟ್ ಬರುತ್ತದೆ, ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿದ ಬಾಟಲಿಗಳ ರಾಶಿಯನ್ನು ಮರದ ಹಲಗೆ ಸಮೇತ ಎತ್ತಿ ಒಳಗಿಟ್ಟು ಹಿಂದೆ ಸರಿಯುತ್ತದೆ. ಮತ್ತೆ ಬರುತ್ತದೆ. ಗೋಡೆ ಮುಚ್ಚಿಕೊಳ್ಳುತ್ತದೆ. ಎಂಜಿನ್ ಬಂದು ಕೊಕ್ಕೆ ಹಾಕಿಕೊಂಡು ಇಡೀ ಸಾಲನ್ನು ಮುಖ್ಯ ಹಳಿಗೆ ಎಳೆದೊಯ್ಯುತ್ತದೆ. ಒಳಗಿರುವುದು ನೀರು, ಬರೀ ನೀರು.

ಇದು ಫ್ರಾನ್ಸಿನ ಪ್ಯೂಬ್ಲಿಯೆ ಎಂಬ ಊರಿಗೆ ಸೇರಿದ ಆಂಫಿಯೋನ್‌ನಲ್ಲಿರುವ ಎವಿಯಾನ್ ನೀರಿನ ಕಾರ್ಖಾನೆ. ಬೆಂಗಳೂರಿನ ತಾರಾ ಹೋಟೆಲುಗಳ ಮೇಜಿನ ಮೇಲೆ, ದೊಡ್ಡ ಮಾಲ್‌ಗಳ ಕಪಾಟಿನಲ್ಲಿ ಈ ಹೆಸರನ್ನು ಅನೇಕರು ನೋಡಿರುತ್ತಾರೆ. ಅದರ ಬೆಲೆ ನೋಡಿ ಹುಬ್ಬೇರಿಸಿರುತ್ತಾರೆ. ಆ ಕಾರ್ಖಾನೆಯೊಳಗಿನ ರೈಲು ನಿಲ್ದಾಣ ಫ್ರಾನ್ಸಿನಲ್ಲೇ ಅತಿ ದೊಡ್ಡ ಖಾಸಗಿ ನಿಲ್ದಾಣವೆಂದು ಕಂಪನಿ ಹೇಳಿಕೊಳ್ಳುತ್ತದೆ. ಅಲ್ಲಿ ತುಂಬಿದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊರಡುವುದು ರೈಲಿನಲ್ಲಿ.

ನೀರಿನಂಥ ಅಗ್ಗದ ವಸ್ತುವಿಗೆ ರೈಲು ಯಾಕೆ ಬೇಕು? ಅದನ್ನು ಅಷ್ಟು ದೂರ ಹೊರುವುದಾದರೂ ಯಾಕೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ನಮ್ಮೂರಿನ ಇಪ್ಪತ್ತು ಲೀಟರಿನ ಕ್ಯಾನಿನವರೆಗೂ ಬಂದು ನಿಲ್ಲುತ್ತೇವೆ.

ಒಂದು ಲೀಟರಿಗೆ ಒಂದು ಕಿಲೋ

ನೀರಿನ ವ್ಯಾಪಾರದಲ್ಲಿ ಮೊದಲು ತಿಳಿಯಬೇಕಾದ ಸಂಗತಿ ಅದರ ತೂಕ. ಒಂದು ಲೀಟರ್ ನೀರು ಒಂದು ಕಿಲೋ. ಒಂದೂವರೆ ಲೀಟರಿನ ಆರು ಬಾಟಲಿಗಳ ಕಟ್ಟು ಒಂಬತ್ತು ಕಿಲೋ ದಾಟುತ್ತದೆ. ಇದನ್ನು ಒತ್ತಿ ಕುಗ್ಗಿಸುವಂತಿಲ್ಲ, ಒಣಗಿಸಿ ಹಗುರ ಮಾಡುವಂತಿಲ್ಲ. ಹಾಲನ್ನು ಪುಡಿ ಮಾಡಿ ಕಳಿಸಬಹುದು, ಕಬ್ಬಿನ ರಸವನ್ನು ಬೆಲ್ಲ ಮಾಡಿ ಕಳಿಸಬಹುದು. ನೀರನ್ನು ನೀರಾಗಿಯೇ ಹೊರಬೇಕು.

ದಾವಣಗೆರೆಯಿಂದ ಮಂಡಕ್ಕಿ ಹೇರಿದ ಲಾರಿ ಹೊರಟರೆ ಚೀಲಗಳು ಲಾರಿಯ ತಲೆಗಿಂತ ಮೇಲಕ್ಕೆ ಏರಿರುತ್ತವೆ. ಅಲ್ಲಿ ಜಾಗ ಮುಗಿಯುತ್ತದೆಯೇ ಹೊರತು ಲಾರಿಗೆ ಭಾರ ಎನಿಸುವುದಿಲ್ಲ. ನೀರಿನದು ಇದರ ತಿರುವುಮುರುವು. ಬಾಟಲಿ ಹೇರಿದ ಲಾರಿಯಲ್ಲಿ ಮೇಲೆ ಇನ್ನೂ ಖಾಲಿ ಜಾಗ ಕಾಣುತ್ತಿರುತ್ತದೆ, ಆದರೆ ಕಾನೂನು ಒಪ್ಪುವ ತೂಕ ಆಗಲೇ ಮುಗಿದಿರುತ್ತದೆ. ಫ್ರಾನ್ಸಿನಲ್ಲಿ ದೊಡ್ಡ ಲಾರಿಯ ಒಟ್ಟು ತೂಕದ ಮಿತಿ 44 ಟನ್. ಲಾರಿಯದೇ ತೂಕ ಕಳೆದರೆ ಸರಕಿಗೆ ಉಳಿಯುವುದು ಹೆಚ್ಚುಕಡಿಮೆ 28 ಟನ್, ಅಂದರೆ ಸುಮಾರು 28 ಸಾವಿರ ಲೀಟರ್. ಸಾವಿರ ಟನ್ ಸರಕು ಹೊತ್ತ ಒಂದು ಗೂಡ್ಸ್ ರೈಲು ಹೊರಟಿತೆಂದರೆ ಸರೋವರದ ಪಕ್ಕದ ಆ ಕಿರಿದಾದ ರಸ್ತೆಯಲ್ಲಿ ಸುಮಾರು ಮೂವತ್ತೈದು ಲಾರಿ ಕಡಿಮೆಯಾದವು ಎಂದು ಲೆಕ್ಕ.

ರೈಲಿಗೆ ಈ ಶಕ್ತಿ ಬರುವುದು ಎಲ್ಲಿಂದ? ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುತ್ತದೆ. ರಬ್ಬರ್ ಟೈರು ಪ್ರತಿ ಸುತ್ತಿಗೂ ರಸ್ತೆಗೆ ಒತ್ತಿ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ, ಹಾಗೆ ಆಗುವಾಗ ಬಿಸಿಯಾಗಿ ಇಂಧನ ತಿನ್ನುತ್ತದೆ. ಉಕ್ಕು ಹಾಗೆ ಒತ್ತಿಹೋಗುವುದಿಲ್ಲ. ಹಾಗಾಗಿ ಅಷ್ಟೇ ಭಾರ ಎಳೆಯಲು ರೈಲಿಗೆ ಬೇಕಾಗುವ ಶಕ್ತಿ ಹಲವು ಪಟ್ಟು ಕಡಿಮೆ. ಮೇಲೆ ವಿದ್ಯುತ್ ತಂತಿ ಇದ್ದರೆ ಡೀಸೆಲ್ ಹೊಗೆಯೂ ಇಲ್ಲ. ಕಲ್ಲಿದ್ದಲು, ಅದಿರು, ಸಿಮೆಂಟು, ಗೊಬ್ಬರ ಹೀಗೆ ಭಾರ ಹೆಚ್ಚು, ಬೆಲೆ ಕಡಿಮೆ ಇರುವ ಸರಕೆಲ್ಲ ಲೋಕದೆಲ್ಲೆಡೆ ರೈಲಿಗೆ ಹೋಗುವುದು ಇದೇ ಕಾರಣಕ್ಕೆ. ಬಾಟಲಿ ನೀರು ಅಂಗಡಿಯಲ್ಲಿ ಬಿಸ್ಕತ್ತಿನ ಪಕ್ಕ ಕುಳಿತಿರಬಹುದು. ಸಾಗಣೆಯ ಲೆಕ್ಕದಲ್ಲಿ ಅದು ಸಿಮೆಂಟಿನ ಜಾತಿಗೆ ಸೇರಿದ್ದು.

ಟ್ಯಾಂಕರಿನಲ್ಲಿ ಯಾಕೆ ಹೋಗುವುದಿಲ್ಲ?

ನೀರನ್ನು ಟ್ಯಾಂಕರ್ ವ್ಯಾಗನ್‌ಗಳಲ್ಲಿ ಪ್ಯಾರಿಸ್‌ಗೋ ಲಂಡನ್‌ಗೋ ಒಯ್ದು ಅಲ್ಲೇ ಬಾಟಲಿಗೆ ತುಂಬಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದಕ್ಕೆ ಕಾನೂನಿನ ಅಡ್ಡಿಯಿದೆ. ಯುರೋಪಿನ ದೇಶಗಳು 1980ರಲ್ಲಿ ಒಪ್ಪಿ, 2009ರಲ್ಲಿ ಪರಿಷ್ಕರಿಸಿದ ನಿಯಮದ ಪ್ರಕಾರ ‘ನೈಸರ್ಗಿಕ ಖನಿಜಯುಕ್ತ ನೀರು’ ಎಂದು ಚೀಟಿ ಅಂಟಿಸಿಕೊಳ್ಳುವ ನೀರು ಒಂದು ಗೊತ್ತಾದ ಒರತೆಯಿಂದ ಬಂದಿರಬೇಕು, ಒರತೆಯ ಬಳಿಯಲ್ಲೇ ಬಾಟಲಿ ಸೇರಬೇಕು. ಗಿರಾಕಿಯ ಕೈಗೆ ಸಿಗುವ ಬಾಟಲಿಯನ್ನು ಬಿಟ್ಟು ಬೇರೆ ಪಾತ್ರೆಯಲ್ಲಿ ಅದನ್ನು ಸಾಗಿಸುವಂತಿಲ್ಲ. ರೋಗಾಣು ಕೊಲ್ಲುವ ಸಂಸ್ಕರಣೆಯನ್ನೂ ಮಾಡುವಂತಿಲ್ಲ. ನೆಲ ಕೊಟ್ಟ ಹಾಗೇ ಅದು ಗಿರಾಕಿಗೆ ಸೇರಬೇಕು.

ನಮ್ಮಲ್ಲಿ ಸಾಮಾನ್ಯವಾಗಿ ‘ಮಿನರಲ್ ವಾಟರ್’ ಎಂದು ಕೇಳಿ ಕೊಳ್ಳುವ ಬಾಟಲಿಯಲ್ಲಿರುವುದು ಬಹುತೇಕ ಬೇರೆಯೇ ಸರಕು. ಚೀಟಿಯನ್ನು ಓದಿದರೆ ‘ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್’ ಎಂದಿರುತ್ತದೆ. ಭಾರತೀಯ ಮಾನಕ ಬ್ಯೂರೋ ಇದಕ್ಕೆ ಐಎಸ್ 14543 ಎಂಬ ಮಾನದಂಡ ಕೊಟ್ಟಿದೆ. ನಿಜವಾದ ಒರತೆ ನೀರಿಗೆ ಇರುವುದು ಐಎಸ್ 13428. ಮೊದಲನೆಯದಕ್ಕೆ ಕೊಳವೆಬಾವಿಯ ನೀರಾದರೂ ಆಗುತ್ತದೆ, ನಲ್ಲಿಯದಾದರೂ ಆಗುತ್ತದೆ. ಆರ್‌ಒ ಯಂತ್ರದಲ್ಲಿ ಸೋಸಿ, ಓಜೋನ್ ಅಥವಾ ಅತಿನೇರಳೆ ಕಿರಣ ಹಾಯಿಸಿ, ಬೇಕಾದರೆ ಒಂದಿಷ್ಟು ಲವಣ ಬೆರೆಸಿ ತುಂಬುತ್ತಾರೆ. ಹಾಗಾಗಿ ಅದನ್ನು ಎಲ್ಲಿ ಬೇಕಾದರೂ ತಯಾರಿಸಬಹುದು. ಗಿರಾಕಿ ಎಲ್ಲಿದ್ದಾರೋ ಅಲ್ಲಿಗೆ ಹತ್ತಿರದಲ್ಲಿ ಒಂದು ಘಟಕ ಹಾಕಿದರೆ ಸಾಗಣೆಯ ತಲೆನೋವೇ ಇಲ್ಲ.

ಎವಿಯಾನ್‌ಗೆ ಈ ದಾರಿ ಮುಚ್ಚಿದೆ. ಗಿರಾಕಿ ಟೋಕಿಯೊದಲ್ಲಿರಲಿ, ಬೆಂಗಳೂರಿನಲ್ಲಿರಲಿ, ಒರತೆ ಮಾತ್ರ ಅಲ್ಲೇ ಇರುತ್ತದೆ. ಕಾರ್ಖಾನೆಯನ್ನು ನಗರದ ಬಳಿಗೆ ತರಲಾಗದು. ಹಳ್ಳಿಯಿಂದಲೇ ಲೋಕಕ್ಕೆಲ್ಲ ಕಳಿಸಬೇಕು. ಕಾರ್ಖಾನೆಯೊಳಕ್ಕೇ ರೈಲು ಬಂದದ್ದಕ್ಕೆ ಮೂಲ ಕಾರಣ ಇದು.

ಮಣ್ಣಿನ ಹೂಜಿಯಿಂದ ವ್ಯಾಗನ್‌ವರೆಗೆ

ಎವಿಯಾನ್ ಊರಿನ ಕಷಾ ಎಂಬುವರ ಜಮೀನಿನ ಒರತೆಯ ನೀರು ಕುಡಿದು ಲೆಸೆರ್ ಎಂಬ ಶ್ರೀಮಂತರೊಬ್ಬರ ಮೂತ್ರಪಿಂಡದ ತೊಂದರೆ ವಾಸಿಯಾಯಿತು ಎಂಬುದು 18ನೇ ಶತಮಾನದ ಕೊನೆಯ ವರ್ಷಗಳ ಕಥೆ. ಕಥೆಯಲ್ಲಿ ಎಷ್ಟು ನಿಜವೋ, ಜನ ಮಾತ್ರ ಬರತೊಡಗಿದರು. ಆಗ ಆ ಸೀಮೆ ಫ್ರಾನ್ಸಿನದಾಗಿರಲಿಲ್ಲ. 1826ರಲ್ಲಿ ನೀರನ್ನು ತುಂಬಿ ಮಾರಲು ಪರವಾನಗಿ ಕೊಟ್ಟದ್ದು ಸವೊಯ್ ರಾಜಮನೆತನ. 1829ರಲ್ಲಿ ಮೊದಲ ಕಂಪನಿ ಹುಟ್ಟಿತು, ಆಗ ನೀರು ಹೋಗುತ್ತಿದ್ದುದು ಮಣ್ಣಿನ ಹೂಜಿಗಳಲ್ಲಿ. 1860ರಲ್ಲಿ ಸವೊಯ್ ಪ್ರಾಂತ್ಯ ಫ್ರಾನ್ಸಿಗೆ ಸೇರಿತು.

1882ರಲ್ಲಿ ರೈಲು ಎವಿಯಾನ್ ಮುಟ್ಟಿತು. ರೈಲು ತಂದದ್ದು ಮುಖ್ಯವಾಗಿ ಸ್ನಾನದ ಮನೆಗಳಿಗೆ ಬರುವ ಸಿರಿವಂತರನ್ನು. ವಾಪಸು ಹೋಗುವಾಗ ಅದು ನೀರನ್ನೂ ಒಯ್ದಿತು. ಔಷಧಿಯಂಗಡಿಯ ಸರಕಾಗಿದ್ದ ನೀರು ಕ್ರಮೇಣ ಊಟದ ಮೇಜಿಗೆ ಬಂತು. ಸರೋವರದ ದಡದಲ್ಲಿ, ಹಳಿಯ ಪಕ್ಕದಲ್ಲೇ ಆಂಫಿಯೋನ್ ಕಾರ್ಖಾನೆ ಶುರುವಾದದ್ದು 1965ರಲ್ಲಿ. 1970ರಲ್ಲಿ ಕಂಪನಿ ಬಿಎಸ್‌ಎನ್ ಎಂಬ ಗಾಜಿನ ಉದ್ಯಮದ ಕೈಸೇರಿತು. ಅದೇ ಉದ್ಯಮ ಮುಂದೆ ಡ್ಯಾನೋನ್ ಎಂಬ ಹೆಸರು ತಳೆಯಿತು. ಗಾಜಿನ ಜಾಗಕ್ಕೆ ಪ್ಲಾಸ್ಟಿಕ್ ಬಂದ ಮೇಲೆ ಬಾಟಲಿ ಹಗುರಾಯಿತು, ಒಡೆಯುವ ಭಯ ಹೋಯಿತು, ಸಾಗಣೆ ಮತ್ತಷ್ಟು ದೂರಕ್ಕೆ ಚಾಚಿತು. ಆ ಪ್ಲಾಸ್ಟಿಕ್ಕಿನ ಬೆಲೆಯನ್ನು ನೆಲ, ಕಡಲು ಇಂದಿಗೂ ತೆರುತ್ತಿವೆ.

ವ್ಯಾಗನ್ ಒಳಗೆ

ಇಂಥ ಕಾರ್ಖಾನೆಗಳಿಗೆ ಬಾಟಲಿಗಳು ಸಾಮಾನ್ಯವಾಗಿ ಬಾಟಲಿಯಾಗಿ ಬರುವುದಿಲ್ಲ. ಖಾಲಿ ಬಾಟಲಿ ಸಾಗಿಸುವುದೆಂದರೆ ಗಾಳಿಗೆ ಬಾಡಿಗೆ ಕೊಟ್ಟಂತೆ. ಬರುವುದು ‘ಪ್ರೀಫಾರ್ಮ್’ ಎಂಬ, ಬೆರಳಿಗಿಂತ ತುಸು ಉದ್ದದ ದಪ್ಪ ಪ್ಲಾಸ್ಟಿಕ್ ನಳಿಗೆ. ಮುಚ್ಚಳ ತಿರುಗಿಸುವ ಕಂಠ ಅದರಲ್ಲಿ ಆಗಲೇ ಮೂಡಿರುತ್ತದೆ. ಅದನ್ನು ಬಿಸಿ ಮಾಡಿ, ಅಚ್ಚಿನೊಳಗಿಟ್ಟು, ಹೆಚ್ಚು ಒತ್ತಡದ ಗಾಳಿ ಊದಿದರೆ ಕಣ್ಣು ಮಿಟುಕಿಸುವುದರೊಳಗೆ ಬಾಟಲಿ. ಪಕ್ಕದಲ್ಲೇ ನೀರು ತುಂಬಿ ಮುಚ್ಚಳ ಬಿಗಿಯುತ್ತಾರೆ. ನಮ್ಮ ದೊಡ್ಡ ನೀರಿನ ಘಟಕಗಳಲ್ಲೂ ಕೆಲಸ ನಡೆಯುವುದು ಇದೇ ರೀತಿ.

ತುಂಬಿದ ಬಾಟಲಿ ಒಂದರ ಮೇಲೊಂದು ನಿಂತಾಗ ಭಾರವನ್ನು ಹೊರುವುದು ತೆಳ್ಳನೆಯ ಪ್ಲಾಸ್ಟಿಕ್ ಗೋಡೆಗಿಂತ ಹೆಚ್ಚಾಗಿ ಒಳಗಿನ ನೀರೇ. ಮುಚ್ಚಳ ಬಿಗಿಯಾಗಿರುವವರೆಗೆ ಬಾಟಲಿ ಕುಗ್ಗುವುದಿಲ್ಲ. ಆದರೆ ಅಡ್ಡಡ್ಡ ತಳ್ಳಾಟವನ್ನು ಅದು ತಾಳದು. ಶಂಟಿಂಗ್ ಯಾರ್ಡಿನಲ್ಲಿ ವ್ಯಾಗನ್‌ಗೆ ವ್ಯಾಗನ್ ಬಂದು ಬಡಿದಾಗ ಒಳಗಿನ ರಾಶಿ ಜಾರಿ ವಾಲಬಹುದು. ಅದಕ್ಕಾಗಿ ಇಂಥ ವ್ಯಾಗನ್‌ಗಳಲ್ಲಿ ನಡುನಡುವೆ ತಡೆಗೋಡೆ, ಬಿಗಿಯುವ ಪಟ್ಟಿ, ಸಂದು ತುಂಬುವ ಗಾಳಿಚೀಲಗಳ ಬಳಕೆಯಿದೆ. ಮುಂಚೆ ಏನು ಸಾಗಿಸಿದ ವ್ಯಾಗನ್ ಎಂಬುದೂ ಮುಖ್ಯ. ಬಾಟಲಿಯ ಪ್ಲಾಸ್ಟಿಕ್ ಘಾಟನ್ನು ಪೂರ್ತಿ ತಡೆಯುವುದಿಲ್ಲ. ರಾಸಾಯನಿಕವೋ ಸೀಮೆಎಣ್ಣೆಯೋ ಹೊತ್ತ ವ್ಯಾಗನ್‌ನಲ್ಲಿ ದಿನಗಟ್ಟಲೆ ನಿಂತರೆ ನೀರಿಗೂ ಅದರ ವಾಸನೆ ಅಂಟೀತು. ನೇರ ಬಿಸಿಲೂ ಬೀಳಬಾರದು. ಕಿರಾಣಿ ಅಂಗಡಿಯ ಮುಂದೆ, ಉರಿಬಿಸಿಲಿನಲ್ಲಿ ಬಾಟಲಿ ಕಟ್ಟುಗಳನ್ನು ಪೇರಿಸಿಡುವ ನಮ್ಮ ಅಭ್ಯಾಸವನ್ನು ಇಲ್ಲಿ ನೆನೆಯಬೇಕು.

ರೈಲು ಹೊರಟ ಮೇಲೆ ದಾರಿ ಹಲವು. ಕೆಲವು ವ್ಯಾಗನ್‌ಗಳು ಯುರೋಪಿನ ಉಗ್ರಾಣಗಳಿಗೆ, ಕೆಲವು ಬಂದರಿಗೆ; ಬಂದರಿನಿಂದ ಹಡಗಿನಲ್ಲಿ ಏಷ್ಯಾ, ಅಮೆರಿಕಕ್ಕೆ. ಇಂಗ್ಲೆಂಡಿಗೆ ಹೋಗುವ ದಾರಿ ವಿಶೇಷದ್ದು. 1994ರಲ್ಲಿ ತೆರೆದ, ಸುಮಾರು 50 ಕಿಲೋಮೀಟರ್ ಉದ್ದದ ಚಾನೆಲ್ ಸುರಂಗದಲ್ಲಿ ಸಮುದ್ರದಡಿ ಹಾದು, ದೇಶದ ನಡುಭಾಗದ ಡೇವೆಂಟ್ರಿ ಎಂಬ ಸರಕು ನಿಲ್ದಾಣಕ್ಕೆ ಎವಿಯಾನ್, ವಾಲ್ವಿಕ್ ನೀರಿನ ರೈಲುಗಳು ಹೋಗುತ್ತಾ ಬಂದಿವೆ. ಡೇವೆಂಟ್ರಿಯಲ್ಲಿ ಹಳಿಯ ಪಕ್ಕದಲ್ಲೇ ದೊಡ್ಡ ಉಗ್ರಾಣಗಳಿವೆ. ಲಾರಿಗೆ ಕೆಲಸ ಬರುವುದು ಅಲ್ಲಿಂದ ಅಂಗಡಿಯವರೆಗಿನ ಕೊನೆಯ ಹಾದಿಯಲ್ಲಿ ಮಾತ್ರ.

ಗುಟ್ಟಿರುವುದು ಎರಡೂ ತುದಿಗಳಲ್ಲಿ. ಹಳಿ ಕಾರ್ಖಾನೆಯೊಳಗೆ ಶುರುವಾಗಿ ಉಗ್ರಾಣದ ಬಾಗಿಲಲ್ಲಿ ಮುಗಿಯಬೇಕು. ಕಾರ್ಖಾನೆಯಿಂದ ಲಾರಿಯಲ್ಲಿ ಗೂಡ್ಸ್ ಶೆಡ್ಡಿಗೆ, ಅಲ್ಲಿ ಹಮಾಲರಿಂದ ವ್ಯಾಗನ್‌ಗೆ, ಇಳಿದ ಮೇಲೆ ಮತ್ತೆ ಲಾರಿಗೆ ಎಂದಾದರೆ ಎರಡೆರಡು ಬಾರಿ ಎತ್ತಿಳಿಸುವ ಖರ್ಚು, ಸೋರಿಕೆ, ತಡ ಎಲ್ಲ ಸೇರಿ ರೈಲಿನ ಲಾಭವನ್ನು ನುಂಗಿಹಾಕುತ್ತವೆ. ಸ್ಕಾಟ್ಲೆಂಡಿನ ಬ್ಲ್ಯಾಕ್‌ಫರ್ಡ್ ಹಳ್ಳಿಯಲ್ಲಿ ಹೈಲ್ಯಾಂಡ್ ಸ್ಪ್ರಿಂಗ್ ನೀರಿನ ಕಾರ್ಖಾನೆ ಇದೆ. ರೈಲು ಆ ಊರಿನ ಮೂಲಕವೇ ಹಾದುಹೋಗುತ್ತಿದ್ದರೂ ನೀರು ಲಾರಿ ಹತ್ತುತ್ತಿತ್ತು. ಅಲ್ಲೊಂದು ಸರಕು ಸೈಡಿಂಗ್ ಹಾಕಲು ಕಡೆಗೆ ಸ್ಕಾಟ್ಲೆಂಡ್ ಸರ್ಕಾರವೇ ಅನುದಾನ ಕೊಡಬೇಕಾಯಿತು. ಹಳಿ ಎದುರಿಗಿದ್ದರೆ ಸಾಲದು, ಅದು ಅಂಗಳದೊಳಕ್ಕೆ ಬರಬೇಕು. ಅದಕ್ಕೆ ಮೊದಲಿಗೆ ಹಣ ಹಾಕುವವರು ಬೇಕು.

ರೈಲಿಗೆ ತನ್ನದೇ ತೊಡಕುಗಳೂ ಇವೆ. ನೀರು ಹೊತ್ತ ವ್ಯಾಗನ್‌ಗಳಿಗೆ ವಾಪಸು ಬರುವಾಗ ಸರಕು ಸಿಗುವುದು ಕಷ್ಟ. ಫ್ರಾನ್ಸಿನ ರೈಲ್ವೆ ನೌಕರರು 2018ರ ಏಪ್ರಿಲ್‌ನಿಂದ ಜೂನ್‌ವರೆಗೆ ಪ್ರತಿ ಐದು ದಿನಕ್ಕೆ ಎರಡು ದಿನದಂತೆ ಮುಷ್ಕರ ಹೂಡಿದಾಗ ದೇಶದ ಸರಕು ಸಾಗಣೆಯೆಲ್ಲ ಏರುಪೇರಾಯಿತು. ಲಾರಿ ನಿಂತರೆ ಇನ್ನೊಂದು ಲಾರಿ ತರಬಹುದು, ರೈಲು ನಿಂತರೆ ಸರಕು ಸೈಡಿಂಗಿನಲ್ಲೇ ಕೂರಬೇಕು. ಇಂಥ ಕಾರಣಗಳು ಸೇರಿಯೇ ಫ್ರಾನ್ಸಿನಲ್ಲಿ ಒಟ್ಟು ಸರಕಿನಲ್ಲಿ ರೈಲಿನ ಪಾಲು ಹತ್ತರಲ್ಲೊಂದರ ಆಸುಪಾಸಿಗೆ ಇಳಿದಿದೆ. ಅಂಥ ದೇಶದಲ್ಲಿ ಒಂದು ನೀರಿನ ಕಾರ್ಖಾನೆ ಹಳಿಯನ್ನು ಬಿಡದೆ ಹಿಡಿದುಕೊಂಡಿರುವುದು ಮೆಚ್ಚುವ ವಿಷಯ.

ಮಳೆ ಬೀಳುವ ಜಾಗ

ಎವಿಯಾನ್‌ನಿಂದ ನಾವು ಕಲಿಯಬೇಕಾದ್ದು ರೈಲಿಗಿಂತಲೂ ಹೆಚ್ಚಾಗಿ ಬೆಟ್ಟದ ಮೇಲಿದೆ ಎಂದು ನನ್ನ ನಂಬಿಕೆ.

ಕಾರ್ಖಾನೆಯ ಮೇಲುಗಡೆ ಗಾವೊ ಎಂಬ ಪ್ರಸ್ಥಭೂಮಿ ಇದೆ. ಅಲ್ಲಿ ಬಿದ್ದ ಮಳೆ, ಕರಗಿದ ಹಿಮ ನೆಲಕ್ಕಿಳಿದು, ಹಿಮನದಿಗಳು ಬಿಟ್ಟುಹೋದ ಮರಳು, ಜೇಡಿಯ ಪದರಗಳಲ್ಲಿ ಸೋಸುತ್ತಾ ಕೆಳಗಿನ ಒರತೆ ತಲುಪಲು ಕನಿಷ್ಠ 15 ವರ್ಷ ಬೇಕು. ಅಂದರೆ ಇವತ್ತು ವ್ಯಾಗನ್ ಹತ್ತುವ ನೀರು ಮಳೆಯಾಗಿ ಬಿದ್ದದ್ದು ಯಾವುದೋ ಹಳೆಯ ವರ್ಷದಲ್ಲಿ. ಇವತ್ತು ಮೇಲಿನ ಹೊಲಕ್ಕೆ ಅತಿಯಾಗಿ ಗೊಬ್ಬರ ಸುರಿದರೆ ಅದರ ಫಲ ಕಾಣುವುದೂ ಅಷ್ಟೇ ವರ್ಷಗಳ ಮೇಲೆ. ಆಗ ಸರಿಪಡಿಸಲು ಹೊರಟರೆ ಮತ್ತಷ್ಟು ವರ್ಷ ಕಾಯಬೇಕು. ಸಂಸ್ಕರಿಸಿ ಮಾರುವುದಕ್ಕಂತೂ ಕಾನೂನು ಬಿಡುವುದಿಲ್ಲ. ಮೇಲಿನ ಹಳ್ಳಿಗಳ ನೆಲ ಕೆಟ್ಟರೆ ಕೆಳಗಿನ ವ್ಯಾಪಾರ ಮುಗಿಯಿತು.

ಈ ಭಯವೇ 1992ರಲ್ಲಿ ಒಂದು ಸಂಘವನ್ನು ಹುಟ್ಟಿಸಿತು. ನೀರು ಇಂಗುವ ಸುಮಾರು 35 ಚದರ ಕಿಲೋಮೀಟರ್ ಪ್ರದೇಶದ ಹಳ್ಳಿಗಳು, ಒರತೆಯಿರುವ ಕೆಳಗಿನ ಊರುಗಳು ಮತ್ತು ಕಂಪನಿ ಅದರ ಸದಸ್ಯರು. ಒರತೆಯಿರುವ ಊರುಗಳಿಗೆ ಬಾಟಲಿಗೆ ತುಂಬಿದ ನೀರಿನ ಮೇಲೆ ತೆರಿಗೆ ಬರುತ್ತದೆ. ಸಂಘದ ಖರ್ಚಿನಲ್ಲಿ ಕಂಪನಿಯದೂ ಆ ಊರುಗಳದೂ ಪಾಲಿದೆ. ಅಂದರೆ ನೀರು ಕೆಳಗೆ ಹೋದಷ್ಟೂ ಹಣದ ಒಂದು ಪಾಲು ಮೇಲಕ್ಕೆ ಹತ್ತುತ್ತದೆ.

ಆ ಹಣದಿಂದ ನಡೆಯುವ ಕೆಲಸ ಹಳ್ಳಿಗರಿಗೆ ಅರ್ಥವಾಗುವಂಥದ್ದು. ಗಾವೊ ಹೈನಿನ ಸೀಮೆ. ದನಗಳು ಹೆಚ್ಚು, ಅಲ್ಲಿನ ಚೀಸ್ ಹೆಸರುವಾಸಿ. ದನದ ಕೊಟ್ಟಿಗೆಯ ಗಂಜಲ, ಸಗಣಿ ಹೊಲಕ್ಕೆ ನೇರ ಹರಿದರೆ ನೈಟ್ರೇಟ್ ಅಂತರ್ಜಲ ಸೇರುತ್ತದೆ. ಹಾಗಾಗಿ ಹತ್ತಾರು ರೈತರ ಸಗಣಿಯನ್ನು ಒಂದೆಡೆ ಸೇರಿಸಿ ಅನಿಲ ತೆಗೆದು, ಉಳಿದದ್ದನ್ನು ಹದವಾದ ಗೊಬ್ಬರ ಮಾಡಿ ರೈತರಿಗೇ ಹಿಂದಿರುಗಿಸುವ ದೊಡ್ಡ ಸ್ಥಾವರವೊಂದನ್ನು ಅಲ್ಲಿ ಕಟ್ಟಿದ್ದಾರೆ. ನಮ್ಮ ಹಳ್ಳಿಗಳ ಗೋಬರ್ ಗ್ಯಾಸ್ ತತ್ವವೇ, ಅಳತೆ ಮಾತ್ರ ದೊಡ್ಡದು. ಜೌಗು ನೆಲಗಳನ್ನು ಉಳಿಸಿಕೊಂಡಿದ್ದಾರೆ. ಅವು ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿವೆ. ರೈತರನ್ನು ಒಕ್ಕಲೆಬ್ಬಿಸದೆ, ದನಗಳನ್ನು ಓಡಿಸದೆ ನೀರು ಕಾಯುವ ಈ ಕೆಲಸ ಮೂರು ದಶಕ ದಾಟಿದೆ.

ಎಲ್ಲ ಕಡೆ ಹೀಗಿಲ್ಲ. ಅದೇ ಫ್ರಾನ್ಸಿನ ವಿಟ್ಟೆಲ್‌ನಲ್ಲಿ ಅಂತರ್ಜಲ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಯಿತು. ಅಲ್ಲಿ ಬಾಟಲಿ ತುಂಬುವ ನೆಸ್ಲೆ ಕಂಪನಿ ನೀರೆತ್ತುವುದನ್ನು ಮುಂದುವರಿಸುವಾಗಲೇ ಊರಿನವರಿಗೆ ಬೇರೆ ಕಡೆಯಿಂದ ಕೊಳವೆಯಲ್ಲಿ ನೀರು ತರುವ ಯೋಜನೆಯೊಂದು ಸಿದ್ಧವಾಯಿತು. ಜನ ಸಿಡಿದೆದ್ದರು, 2019ರಲ್ಲಿ ಆ ಯೋಜನೆ ಬಿದ್ದುಹೋಯಿತು. ತಮ್ಮ ಕಾಲಡಿಯ ನೀರು ಪರದೇಶಕ್ಕೆ ಹೊರಟಿರುವಾಗ ತಾವು ಪಕ್ಕದೂರಿನ ನೀರು ಕುಡಿಯಬೇಕೆಂದರೆ ಯಾವ ಊರು ಒಪ್ಪೀತು? 2024ರ ಜನವರಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ನೈಸರ್ಗಿಕ ಖನಿಜಯುಕ್ತ ನೀರೆಂದು ಮಾರಿದ ತನ್ನ ಕೆಲವು ಬ್ರ್ಯಾಂಡ್‌ಗಳಿಗೆ ನಿಷಿದ್ಧವಾದ ಅತಿನೇರಳೆ ಕಿರಣ, ಇದ್ದಿಲಿನ ಸೋಸುವಿಕೆ ಬಳಸಿದ್ದನ್ನು ಅದೇ ಕಂಪನಿ ಒಪ್ಪಿಕೊಂಡಿತು. ಹಳಿ ಎಷ್ಟೇ ಚೊಕ್ಕವಾಗಿರಲಿ, ಒರತೆಯ ಬಳಿ ಮಾತು ತಪ್ಪಿದರೆ ಬಾಟಲಿಗೆ ಬೆಲೆ ಉಳಿಯುವುದಿಲ್ಲ.

ನಮ್ಮ ಹಳಿಗಳ ಮೇಲಿನ ನೀರು

ಭಾರತೀಯ ರೈಲಿಗೂ ನೀರಿಗೂ ಇರುವ ನಂಟು ಬೇರೆ ಬಗೆಯದು. ಇಲ್ಲಿ ರೈಲು ನೀರಿನ ಸಾಗಣೆದಾರ ಮಾತ್ರವಲ್ಲ, ನೀರಿನ ವ್ಯಾಪಾರಿಯೂ ಹೌದು. ರೈಲ್ವೆಯ ಐಆರ್‌ಸಿಟಿಸಿ ಸಂಸ್ಥೆ 2003ರಲ್ಲಿ ದೆಹಲಿಯ ನಾಂಗ್ಲೋಯಿಯಲ್ಲಿ ‘ರೈಲ್ ನೀರ್’ ಘಟಕ ತೆರೆಯಿತು. ಆಮೇಲೆ ಬಿಹಾರದ ದಾನಾಪುರ, ತಮಿಳುನಾಡಿನ ಪಾಲೂರು, ಮುಂಬೈ ಬಳಿಯ ಅಂಬರ್‌ನಾಥ್, ಕೇರಳದ ಪಾರಶ್ಶಾಲ ಹೀಗೆ ದೇಶದ ನಾನಾ ಭಾಗಗಳಲ್ಲಿ ಘಟಕಗಳು ಬಂದವು. ಒಂದೇ ಕಡೆ ತುಂಬಿ ದೇಶಕ್ಕೆಲ್ಲ ಹೊರುವ ಬದಲು ಅಲ್ಲಲ್ಲೇ ತುಂಬುವ ಜಾಣತನ ಇದು. ಲೀಟರ್ ಬಾಟಲಿಗೆ ವರ್ಷಗಟ್ಟಲೆ 15 ರೂಪಾಯಿ ಇತ್ತು; ತೆರಿಗೆ ಇಳಿದ ಮೇಲೆ 2025ರ ಸೆಪ್ಟೆಂಬರ್ 22ರಿಂದ 14 ರೂಪಾಯಿ ಆಗಿದೆ. ಪ್ಲಾಟ್‌ಫಾರ್ಮಿನಲ್ಲಿ ಇದಕ್ಕಿಂತ ಹೆಚ್ಚು ಕೇಳಿದರೆ ಕೊಡಬೇಕಿಲ್ಲ.

ಖಾಸಗಿ ಕಂಪನಿಗಳು ಬಾಟಲಿ ನೀರನ್ನು ರೈಲಿಗೆ ಹೇರದಿರಲು ಕಾರಣ ಸರಳ. ನಮ್ಮ ಗೂಡ್ಸ್ ಸಾಗಣೆ ಹೆಚ್ಚುಕಡಿಮೆ ಇಡೀ ರೇಕ್‌ನ ಲೆಕ್ಕದಲ್ಲಿ ನಡೆಯುತ್ತದೆ. ನಲವತ್ತಕ್ಕೂ ಹೆಚ್ಚು ಮುಚ್ಚಿದ ವ್ಯಾಗನ್‌ಗಳ ಒಂದು ರೇಕ್ ತುಂಬಲು ಎರಡೂವರೆ ಸಾವಿರ ಟನ್‌ನಷ್ಟು ಸರಕು ಬೇಕು, ಅಂದರೆ ಸುಮಾರು 25 ಲಕ್ಷ ಲೀಟರ್. ಮಾಲೂರು, ದೊಡ್ಡಬಳ್ಳಾಪುರ, ನೆಲಮಂಗಲ ಎಲ್ಲವೂ ರೈಲು ಹಾದಿಯಲ್ಲೇ ಇದ್ದರೂ ಅಲ್ಲಿಂದ ಬೆಂಗಳೂರು ಕೂಗಳತೆಯ ದೂರ. ಅಷ್ಟು ಹತ್ತಿರಕ್ಕೆ ಲಾರಿಯೇ ಸರಿ, ಟೆಂಪೊವೇ ಸರಿ. ಹಿಮಾಚಲದ ಸಿರ್ಮೌರ್ ಜಿಲ್ಲೆಯಲ್ಲಿ ತುಂಬುವ ‘ಹಿಮಾಲಯನ್’ನಂಥ ಒರತೆ ನೀರು ದಕ್ಷಿಣಕ್ಕೆ ಎರಡು ಸಾವಿರ ಕಿಲೋಮೀಟರ್ ಬರಬೇಕಾದಾಗ ರೈಲಿನ ಲೆಕ್ಕಾಚಾರ ಮಾಡುವುದು ಅರ್ಥಪೂರ್ಣ.

ನಮ್ಮ ಹಳಿಗಳ ಮೇಲೆ ದೊಡ್ಡ ಪ್ರಮಾಣದಲ್ಲಿ ನೀರು ಹೋದದ್ದು ಬಾಟಲಿಯಲ್ಲಿ ಅಲ್ಲ, ಬರಗಾಲದಲ್ಲಿ. 2016ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಲಾತೂರಿನ ನಲ್ಲಿಗಳು ಒಣಗಿದಾಗ ನಮ್ಮ ಗಡಿಗೆ ಹೊಂದಿಕೊಂಡ ಮೀರಜ್‌ನಿಂದ ‘ಜಲದೂತ’ ಹೊರಟಿತು. ಎಣ್ಣೆ ಸಾಗಿಸುವ ಟ್ಯಾಂಕರ್ ವ್ಯಾಗನ್‌ಗಳನ್ನು ರಾಜಸ್ಥಾನದ ಕೋಟಾ ಕಾರ್ಯಾಗಾರದಲ್ಲಿ ಹಬೆ ಹಾಯಿಸಿ ತೊಳೆದು ಇದಕ್ಕೆ ಬಳಸಿದರು. ಏಪ್ರಿಲ್ 12ರಂದು ಲಾತೂರು ಮುಟ್ಟಿದ ಮೊದಲ ರೈಲಿನಲ್ಲಿದ್ದುದು ಹತ್ತು ವ್ಯಾಗನ್, ಐದು ಲಕ್ಷ ಲೀಟರ್. ಆಮೇಲೆ ಐವತ್ತು ವ್ಯಾಗನ್‌ಗಳ ರೈಲು ಬಂತು. 2019ರ ಜುಲೈ 12ರಂದು ಚೆನ್ನೈಗೂ ಇಂಥದೇ ರೈಲು ಹೋಯಿತು, ಜೋಲಾರಪೇಟೆಯಿಂದ. ಅದರಲ್ಲಿದ್ದುದು ಕಾವೇರಿ ಕುಡಿಯುವ ನೀರಿನ ಯೋಜನೆಯ ನೀರು. ಕೊಡಗಿನಲ್ಲಿ ಹುಟ್ಟಿದ ಹೊಳೆ ಕಡೆಗೆ ರೈಲು ಹತ್ತಿತು.

ಆ ಒಂದು ರೈಲು ಹೊತ್ತದ್ದು 25 ಲಕ್ಷ ಲೀಟರ್. ಚೆನ್ನೈಗೆ ಆಗ ದಿನಕ್ಕೆ ಬೇಕಿದ್ದುದು ಸುಮಾರು 83 ಕೋಟಿ ಲೀಟರ್. ಮುನ್ನೂರಕ್ಕೂ ಹೆಚ್ಚು ರೈಲು ಬಂದಿದ್ದರೆ ಒಂದು ದಿನದ ಬಾಯಾರಿಕೆ ತಣಿಯುತ್ತಿತ್ತು. ಕುಡಿಯುವ ನೀರಿಗೆ ಪರದಾಡುವವರಿಗೆ ರೈಲು ಪ್ರಾಣ ಉಳಿಸಬಲ್ಲದು, ಊರೊಂದರ ಕೆರೆ ಬಾವಿಗಳ ಜಾಗದಲ್ಲಿ ನಿಲ್ಲಲಾರದು.

ಗ್ರಾಮಸಭೆಯಲ್ಲಿ ಕೇಳಬೇಕಾದ್ದು

ಬೆಂಗಳೂರಿನ ಸುತ್ತಲಿನ ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಅಂತರ್ಜಲವನ್ನು ಇಂಗುವುದಕ್ಕಿಂತ ಹೆಚ್ಚು ಎತ್ತುತ್ತಿರುವ ಜಿಲ್ಲೆಗಳು. ಅಲ್ಲಿನ ಹಳ್ಳಿಗಳಿಂದ ದಿನವೂ ನೀರಿನ ಕ್ಯಾನು, ಬಾಟಲಿ ಹೇರಿದ ಗಾಡಿಗಳು ನಗರಕ್ಕೆ ಬರುತ್ತವೆ. ಆರ್‌ಒ ಯಂತ್ರ ಸೋಸಿ ಬಿಟ್ಟ ಉಪ್ಪು ನೀರು ಹೊಲದ ಬದುವಿಗೋ ಚರಂಡಿಗೋ ಹರಿಯುತ್ತದೆ. ಒಂದು ಲೀಟರ್ ಬಾಟಲಿಗೆ ಒಂದು ಲೀಟರಿಗಿಂತ ಹೆಚ್ಚು ನೀರನ್ನು ನೆಲದಿಂದ ಎತ್ತಬೇಕಾಗುವುದು ಈ ಕಾರಣಕ್ಕೆ. ಅಷ್ಟೂ ನೀರಿಗೆ ಊರಿಗೆ ಬಂದದ್ದೇನು ಎಂದು ಕೇಳುವವರು ಕಡಿಮೆ.

ಕಾರ್ಖಾನೆ ಬೇಡವೆಂದು ನಾನು ಹೇಳುತ್ತಿಲ್ಲ. ಹತ್ತಾರು ಮನೆಗಳಿಗೆ ಅದರಿಂದ ಕೂಲಿ ಸಿಗುತ್ತದೆ, ನಲ್ಲಿ ನೀರು ನೆಚ್ಚಲಾಗದ ಬಡಾವಣೆಗಳಿಗೆ ಕುಡಿಯುವ ನೀರು ಸಿಗುತ್ತದೆ. ಆದರೆ ಎವಿಯಾನ್‌ನ ಹಳ್ಳಿಗಳಿಗೆ ಸಿಕ್ಕಿರುವ ಹಕ್ಕು ನಮ್ಮ ಹಳ್ಳಿಗಳಿಗೂ ಸಿಗಬೇಕು. ನಿಮ್ಮೂರಿನಲ್ಲಿ ನೀರು ತುಂಬುವ ಘಟಕವಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅದರ ಕೊಳವೆಬಾವಿಗೆ ಮೀಟರ್ ಇದೆಯೇ, ತಿಂಗಳಿಗೆ ಎಷ್ಟು ನೀರು ಎತ್ತಿದ್ದಾರೆ ಎಂಬ ಲೆಕ್ಕವನ್ನು ಪಂಚಾಯಿತಿಯ ಗೋಡೆಗೆ ಹಚ್ಚುತ್ತಾರೆಯೇ, ಎತ್ತಿದ ನೀರಿನ ಬಾಬ್ತಿನಲ್ಲಿ ಊರಿನ ಕೆರೆಯ ಹೂಳೆತ್ತಲು, ಇಂಗುಗುಂಡಿ ತೋಡಲು ಎಷ್ಟು ಹಣ ಕೊಟ್ಟಿದ್ದಾರೆ? ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿಯೊಂದನ್ನು ಇಟ್ಟುಕೊಳ್ಳಿ.